ಹುಟ್ಟಿದ ದಿನದಿಂದ ನಿಲ್ಲದ ಕೆಮ್ಮು: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಆರೋಗ್ಯ ಇಲಾಖೆಯ ಆಯುಕ್ತರಿಗೆ ಹಾಗೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ರಾಜ್ಯ ಮಟ್ಟದ ಅಧಿಕಾರಿಗಳಿಗೆ.

ವಿಷಯ: ಪ್ರೈಮರಿ ಸಿಲಿಯರಿ ಡಿಸ್ಕೈನೇಶಿಯಾ, ಅಂದರೆ ಪಿಸಿಡಿ, ಇರುವ ಮಕ್ಕಳನ್ನು ಬೇಗ ಗುರುತಿಸಿ ಪರೀಕ್ಷಿಸುವ ವ್ಯವಸ್ಥೆ ಕಲ್ಪಿಸುವ ಕುರಿತು.

ಮಾನ್ಯರೇ,

ಹತ್ತು-ಹನ್ನೆರಡು ವರ್ಷದ ಮಕ್ಕಳ ಕೈಹಿಡಿದು ದೊಡ್ಡಾಸ್ಪತ್ರೆಗೆ ಬರುವ ತಂದೆತಾಯಿಯರ ಬಗಲಲ್ಲಿ ದಪ್ಪನೆಯ ಫೈಲೊಂದು ಇರುತ್ತದೆ. ಜಿಲ್ಲೆ ಯಾವುದೇ ಇರಲಿ, ಆ ಫೈಲುಗಳು ಹೆಚ್ಚುಕಡಿಮೆ ಒಂದೇ ಕಥೆ ಹೇಳುತ್ತವೆ. ಮಗು ದಿನ ತುಂಬಿಯೇ ಹುಟ್ಟಿದೆ, ತೂಕ ಚೆನ್ನಾಗಿದೆ, ಹುಟ್ಟಿದ ಕೂಡಲೇ ಅತ್ತಿದೆ. ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಉಸಿರು ಜೋರಾಗಿದೆ. ನವಜಾತ ಶಿಶು ಘಟಕದಲ್ಲಿ ನಾಲ್ಕೈದು ದಿನ ಆಮ್ಲಜನಕ ಕೊಟ್ಟು, 'ನ್ಯುಮೋನಿಯಾ' ಎಂದೋ 'ಟಿಟಿಎನ್' (ನವಜಾತ ಶಿಶುವಿಗೆ ಕೆಲ ದಿನ ಮಾತ್ರ ಇದ್ದು ಹೋಗುವ ಏದುಸಿರು) ಎಂದೋ ಬರೆದು ಮನೆಗೆ ಕಳಿಸಿದ್ದಾರೆ. ಆಮೇಲಿನ ಚೀಟಿಗಳಲ್ಲಿ ಕೆಮ್ಮಿನ ಸಿರಪ್ಪು, ಆಂಟಿಬಯಾಟಿಕ್, ಮತ್ತೆ ಸಿರಪ್ಪು. ಮೂರನೇ ವರ್ಷಕ್ಕೆ 'ಆಸ್ತಮಾ' ಎಂದು ಇನ್ಹೇಲರ್. ಐದನೇ ವರ್ಷಕ್ಕೆ ಕಿವಿ ಸೋರುತ್ತದೆಂದು ಕಿವಿ ಡಾಕ್ಟರ ಚೀಟಿ. ಏಳಕ್ಕೆ ಎಕ್ಸ್‌ರೇಯಲ್ಲಿ ಕಲೆ ಕಂಡಿತೆಂದು, ಕ್ಷಯ ಪತ್ತೆಯ ಸಿಬಿನ್ಯಾಟ್ ಪರೀಕ್ಷೆ ನೆಗೆಟಿವ್ ಇದ್ದರೂ, ಆರು ತಿಂಗಳು ಕ್ಷಯದ ಮಾತ್ರೆ. ಕೊನೆಯ ಪುಟದಲ್ಲಿ ಸಿಟಿ ಸ್ಕ್ಯಾನ್: ಶ್ವಾಸನಾಳದ ಕವಲುಗಳು ಹಿಗ್ಗಿ ಕಫದ ಚೀಲಗಳಾಗಿವೆ. ಬ್ರಾಂಕಿಯೆಕ್ಟೇಸಿಸ್. ಅಲ್ಲಿಗೆ ಬಂದಮೇಲೆ ಆ ಭಾಗ ಮೊದಲಿನಂತಾಗುವುದಿಲ್ಲ.

ಈ ಎಲ್ಲ ಚೀಟಿಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರೆ ರೋಗ ಯಾವುದೆಂಬ ಅನುಮಾನ ಹತ್ತು ನಿಮಿಷದಲ್ಲಿ ಬರುತ್ತದೆ. ಒಂದೊಂದೇ ಚೀಟಿ ನೋಡಿದವರಿಗೆ ಹತ್ತು ವರ್ಷವಾದರೂ ಬಂದಿಲ್ಲ. ನಮ್ಮ ದೂರು ಯಾವ ಒಬ್ಬ ವೈದ್ಯರ ಮೇಲೂ ಅಲ್ಲ. ನವಜಾತ ಘಟಕ, ಮಕ್ಕಳ ಓಪಿಡಿ, ಕಿವಿ-ಮೂಗು-ಗಂಟಲು ವಿಭಾಗ, ಕ್ಷಯ ವಿಭಾಗ, ಶಾಲಾ ತಪಾಸಣೆ ತಂಡ, ಪ್ರತಿಯೊಬ್ಬರ ಕೈಯಲ್ಲೂ ಈ ರೋಗದ ಒಂದೊಂದು ತುಂಡು ಇದೆ. ಆ ತುಂಡುಗಳನ್ನು ಜೋಡಿಸುವ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ, ಕೇಳಿದವರಿಗೆ ಮಗುವನ್ನು ಎಲ್ಲಿಗೆ ಕಳಿಸಬೇಕೆಂಬುದು ಗೊತ್ತಿಲ್ಲ. ಈ ಎರಡು ಕೊರತೆಗಳನ್ನು ನೀಗಿಸಿ ಎಂದು ಕೇಳಲು ಈ ಪತ್ರ.

ರೋಗ ಏನೆಂದು ಮೊದಲು ಹೇಳುತ್ತೇವೆ. ಮೂಗಿನಿಂದ ಹಿಡಿದು ಶ್ವಾಸನಾಳದ ಸಣ್ಣ ಕವಲುಗಳವರೆಗೆ ಒಳಮೈಯ ತುಂಬ ಕಣ್ಣಿಗೆ ಕಾಣದ ಕೂದಲುಗಳಿವೆ. ಶಾಲೆಯ ಪುಸ್ತಕ ಲೋಮಾಂಗ ಎನ್ನುತ್ತದೆ, ಆಸ್ಪತ್ರೆಯಲ್ಲಿ ಸಿಲಿಯಾ ಎನ್ನುತ್ತೇವೆ. ಒಂದೊಂದು ಜೀವಕೋಶದ ನೆತ್ತಿಯ ಮೇಲೆ ಸುಮಾರು 200. ಉದ್ದ 6-7 ಮೈಕ್ರಾನ್. ಸೆಕೆಂಡಿಗೆ ಹತ್ತು-ಹದಿನೈದು ಸಲ, ಗಾಳಿಗೆ ಬತ್ತದ ಪೈರು ತೊನೆದಂತೆ ಸಾಲಾಗಿ ಬೀಸಿ, ಧೂಳು ಮತ್ತು ರೋಗಾಣು ಅಂಟಿದ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ನಾವು ಅದನ್ನು ಅರಿವಿಲ್ಲದೆ ನುಂಗುತ್ತೇವೆ. ಒಂದು ಸಿಲಿಯವನ್ನು ಅಡ್ಡಕ್ಕೆ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಸುತ್ತ ಒಂಬತ್ತು ಜೋಡಿ ನಳಿಕೆಗಳು, ನಡುವೆ ಎರಡು ನಳಿಕೆಗಳು ಕಾಣುತ್ತವೆ. ಸುತ್ತಲಿನ ಒಂದೊಂದು ಜೋಡಿಗೂ ಡೈನೀನ್ ಎಂಬ ಪ್ರೋಟೀನಿನ ತೋಳುಗಳಿವೆ, ಹೊರತೋಳು ಮತ್ತು ಒಳತೋಳು. ಬೀಸುವ ಶಕ್ತಿ ಆ ತೋಳುಗಳದ್ದು. ಅವನ್ನು ಕಟ್ಟುವ, ಜೋಡಿಸುವ, ಸರಿಯಾದ ಜಾಗಕ್ಕೆ ಸಾಗಿಸುವ ಜೀನ್‌ಗಳಲ್ಲಿ ದೋಷವಿದ್ದರೆ ಸಿಲಿಯಾ ನಿಂತುಬಿಡುತ್ತವೆ, ಇಲ್ಲವೇ ಕೆಲಸಕ್ಕೆ ಬಾರದ ರೀತಿಯಲ್ಲಿ ಅಲುಗುತ್ತವೆ. ಅಂಥ 50ಕ್ಕೂ ಹೆಚ್ಚು ಜೀನ್‌ಗಳು ಇದುವರೆಗೆ ಗೊತ್ತಾಗಿವೆ. ಲೋಳೆ ಇದ್ದಲ್ಲೇ ನಿಲ್ಲುತ್ತದೆ, ಕೊಳೆಯುತ್ತದೆ. ಮಗುವಿಗೆ ಉಳಿಯುವ ಒಂದೇ ಪೊರಕೆ ಕೆಮ್ಮು. ಆ ಕೆಮ್ಮನ್ನೂ ಅಡಗಿಸುವ ಸಿರಪ್ಪು ಕೊಡುವುದು ಎಂಥ ಅನಾಹುತವೆಂದು ಇದರಿಂದಲೇ ತಿಳಿಯಬಹುದು.

ಜೂರಿಕ್‌ನ ವೈದ್ಯ ಕಾರ್ಟಜೆನರ್ 1933ರಲ್ಲಿ ಮೂರು ಲಕ್ಷಣಗಳನ್ನು ಒಟ್ಟಿಗೆ ವಿವರಿಸಿದರು: ಸೈನಸ್ ತೊಂದರೆ, ಬ್ರಾಂಕಿಯೆಕ್ಟೇಸಿಸ್, ಎಡ-ಬಲ ಅದಲುಬದಲಾದ ಅಂಗಗಳು. ನಮ್ಮ ವೈದ್ಯ ವಿದ್ಯಾರ್ಥಿಗಳು ಪರೀಕ್ಷೆಗೆ ಓದುವುದು ಇದನ್ನೇ. 1976ರಲ್ಲಿ ಸ್ಟಾಕ್‌ಹೋಮ್‌ನ ಆಫ್ಜೀಲಿಯಸ್ ಇದರ ಮೂಲ ಸಿಲಿಯಾದಲ್ಲಿದೆ ಎಂದು ತೋರಿಸಿ ಅರ್ಧ ಶತಮಾನವೇ ಆಯಿತು. ಆದರೂ 'ಹೃದಯ ಬಲಕ್ಕಿದ್ದರೆ ಮಾತ್ರ ಆ ರೋಗ' ಎಂಬ ತಿಳಿವಳಿಕೆ ನಮ್ಮಲ್ಲಿ ಹೋಗಿಲ್ಲ. ಹೃದಯ ಬಲಕ್ಕಿರುವುದು ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮಾತ್ರ. ಭ್ರೂಣದಲ್ಲಿ ಎಡ-ಬಲ ನಿರ್ಧರಿಸುವುದೂ ಸಿಲಿಯಾಗಳೇ. ಅವು ನಿಂತರೆ ಹೃದಯ ಯಾವ ಕಡೆಗೆ ತಿರುಗುವುದೆಂಬುದು ನಾಣ್ಯ ಚಿಮ್ಮಿದಂತೆ, ಅರ್ಧ ಅತ್ತ, ಅರ್ಧ ಇತ್ತ. ಭ್ರೂಣದ ಆ ಸಿಲಿಯಾಗಳಿಗೆ ನಡುವಿನ ಎರಡು ನಳಿಕೆಗಳು ಇರುವುದಿಲ್ಲ. ಹಾಗಾಗಿ ದೋಷ ಆ ನಡುವಿನ ಜೋಡಿಯಲ್ಲಿದ್ದರೆ ಅಂಗಗಳು ಸದಾ ಸರಿಯಾದ ಜಾಗದಲ್ಲೇ ಇರುತ್ತವೆ, ರೋಗ ಮಾತ್ರ ಪೂರ್ತಿ ಇರುತ್ತದೆ. ಬಲಗಡೆಯ ಹೃದಯಕ್ಕಾಗಿ ಕಾಯುವ ವೈದ್ಯರು ಅರ್ಧ ಮಕ್ಕಳನ್ನು ಕೈಬಿಟ್ಟಂತೆಯೇ.

ಇನ್ನು, ಬಲಕ್ಕಿದ್ದಾಗಲಾದರೂ ಕಾಣುತ್ತಿದೆಯೇ? ಎಕ್ಸ್‌ರೇ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸುವಾಗ ಹೃದಯದ ನೆರಳು ಬಲಕ್ಕೆ ಕಂಡರೆ 'ಓ, ತಿರುಗಿ ಹಾಕಿದೆ' ಎಂದು ಫಿಲ್ಮನ್ನೇ ಮಗುಚಿ ಹಾಕುವ ಕೈಗಳಿವೆ. ಫಿಲ್ಮಿನ ಮೂಲೆಯಲ್ಲಿ ಟೆಕ್ನೀಶಿಯನ್ ಇಟ್ಟ 'ಆರ್' ಅಥವಾ 'ಎಲ್' ಎಂಬ ಸೀಸದ ಗುರುತು ಆಗ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ನಿಂತಿರುತ್ತದೆ. ಅದನ್ನು ನೋಡಲು ಒಂದು ಕ್ಷಣ ಸಾಕು. ಡಿಜಿಟಲ್ ಯಂತ್ರ ಬಂದ ಮೇಲೆ ಗುರುತನ್ನು ಕಂಪ್ಯೂಟರಿನಲ್ಲಿ ಆಮೇಲೆ ಅಂಟಿಸುವ ರೂಢಿ ಬಂದಿದೆ, ಅದು ಇನ್ನೂ ಅಪಾಯ. ಸೀಸದ ಗುರುತನ್ನು ಚಿತ್ರ ತೆಗೆಯುವಾಗಲೇ ಪ್ಲೇಟಿನ ಮೇಲೆ ಇಡಬೇಕೆಂದು ಒಂದು ಸುತ್ತೋಲೆ ಹೊರಟರೂ ಕೆಲವು ಮಕ್ಕಳು ಅಲ್ಲೇ ಸಿಕ್ಕಿಬೀಳುತ್ತಾರೆ. ಜೊತೆಗೆ ಹೊಟ್ಟೆಯ ಗಾಳಿಗುಳ್ಳೆ ಯಾವ ಕಡೆ ಇದೆ ಎಂದೂ ವರದಿಯಲ್ಲಿ ಬರೆಯಬೇಕು. ಅಂಗಗಳು ಪೂರ್ತಿ ಅದಲುಬದಲಾಗದೆ ಅರ್ಧಂಬರ್ಧ ಜಾಗ ತಪ್ಪಿದ ಮಕ್ಕಳಲ್ಲಿ ಹುಟ್ಟು ಹೃದ್ರೋಗವೂ ಇರುವುದುಂಟು.

ಈ ರೋಗ ಎಷ್ಟು ಅಪರೂಪ? ಜೀನ್ ಮಾಹಿತಿಯನ್ನು ಆಧರಿಸಿದ ಇತ್ತೀಚಿನ ಜಾಗತಿಕ ಅಂದಾಜು ಸುಮಾರು 7,500 ಜನರಲ್ಲಿ ಒಬ್ಬರು ಎನ್ನುತ್ತದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆಗಳು. ಅದೇ ಲೆಕ್ಕ ಹಿಡಿದರೆ ವರ್ಷಕ್ಕೆ ನೂರ ಮೂವತ್ತರಷ್ಟು ಮಕ್ಕಳು. ನಮ್ಮಲ್ಲಿ ಇದಕ್ಕಿಂತ ಹೆಚ್ಚೇ ಇರಬಹುದೆಂದು ಭಾವಿಸಲು ಕಾರಣವಿದೆ. ತಂದೆ-ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗಲೇ ಈ ರೋಗ ಬರುವುದು ಹೆಚ್ಚು. ಕರ್ನಾಟಕದಲ್ಲಿ ನಾಲ್ಕರಲ್ಲೊಂದರಷ್ಟು ಮದುವೆಗಳು ಸಂಬಂಧದೊಳಗಿನವು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮ ಊರುಗಳ ಬದುಕಿನ ಭಾಗ. ಅದನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಅಂಥ ಮನೆಯ ಮಗು ಹುಟ್ಟಿದಾಗಿನಿಂದ ಕೆಮ್ಮುತ್ತಿದ್ದರೆ ಅನುಮಾನ ಇನ್ನೂ ಬೇಗ ಬರಬೇಕು ಎಂಬುದಷ್ಟೇ ನಮ್ಮ ಮಾತು. ವಂಶವೃಕ್ಷ ಕೇಳುವಾಗ 'ನಿಮ್ಮಿಬ್ಬರದು ಸಂಬಂಧವಾ?' ಎಂದು ಕೇಳಿ ನಿಲ್ಲಿಸಬಾರದು. ಮನೆಯಲ್ಲಿ ಬೇರೆ ಯಾರಾದರೂ ಸದಾ ಕೆಮ್ಮುವವರು, ಮಕ್ಕಳಾಗದ ಗಂಡಸರು ಇದ್ದಾರೆಯೇ ಎಂದೂ ಕೇಳಬೇಕು. ವೀರ್ಯಾಣುವಿನ ಬಾಲದ ರಚನೆಯೂ ಸಿಲಿಯಾದ್ದೇ.

ಈಗ ಗುರುತಿಸುವ ಬಗೆ. ದುಬಾರಿ ಯಂತ್ರ ಬೇಕಾಗುವುದು ಕೊನೆಗೆ. ಮೊದಲು ಬೇಕಾದದ್ದು ನಾಲ್ಕು ಪ್ರಶ್ನೆ. ದಿನ ತುಂಬಿ ಹುಟ್ಟಿದ್ದರೂ ಹುಟ್ಟಿದ ಮೊದಲ ದಿನಗಳಲ್ಲಿ ಕಾರಣ ತಿಳಿಯದ ಉಸಿರಾಟದ ತೊಂದರೆಯಾಗಿ ಆಮ್ಲಜನಕ ಬೇಕಾಯಿತೇ? ಆರು ತಿಂಗಳೊಳಗೆ ಶುರುವಾದ ಕಫದ ಕೆಮ್ಮು ವರ್ಷವಿಡೀ, ದಿನವೂ ಇದೆಯೇ? ಮೂಗು ಕಟ್ಟುವುದು ಅಥವಾ ಸುರಿಯುವುದು ಆರು ತಿಂಗಳೊಳಗೇ ಶುರುವಾಗಿ ವರ್ಷವಿಡೀ ಇದೆಯೇ? ಅಂಗಗಳ ಎಡ-ಬಲದಲ್ಲಿ ವ್ಯತ್ಯಾಸವಿದೆಯೇ? ನಾಲ್ಕರಲ್ಲಿ ಎರಡಕ್ಕೆ ಹೌದೆಂದರೆ ಮಗುವನ್ನು ಪರೀಕ್ಷೆಗೆ ಕಳಿಸಲೇಬೇಕು. ನಾಲ್ಕೂ ಇದ್ದರೆ ಬೇರೆ ರೋಗವಾಗಿರುವ ಸಾಧ್ಯತೆ ತೀರ ಕಡಿಮೆ.

ಇಲ್ಲಿ ಮುಖ್ಯವಾದ ಮಾತು 'ದಿನವೂ' ಎಂಬುದು. ಅಂಗನವಾಡಿಗೆ ಹೋಗುವ ಯಾವ ಮಗುವಿಗೂ ವರ್ಷಕ್ಕೆ ಏಳೆಂಟು ಸಲ ನೆಗಡಿಯಾಗುತ್ತದೆ, ನಡುವೆ ಸುಮ್ಮನಿರುತ್ತದೆ. ಪಿಸಿಡಿ ಮಗುವಿಗೆ ಸುಮ್ಮನಿರುವ ವಾರವೇ ಇಲ್ಲ. ತಾಯಿಯನ್ನು 'ಕೆಮ್ಮು ಇದೆಯಾ?' ಎಂದು ಕೇಳಿದರೆ ಹೌದು ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. 'ಈ ಮಗು ಕೆಮ್ಮದೇ ಇದ್ದ ಒಂದು ವಾರ ನೆನಪಿದೆಯೇನಮ್ಮಾ?' ಎಂದು ಕೇಳಿ ನೋಡಬೇಕು. ಆಸ್ತಮಾದ ಕೆಮ್ಮು ಸಾಮಾನ್ಯವಾಗಿ ಒಣಕೆಮ್ಮು, ರಾತ್ರಿ ಹೆಚ್ಚು, ಪಫ್ ಕೊಟ್ಟರೆ ತಗ್ಗುತ್ತದೆ. ಈ ಮಕ್ಕಳದು ಎದೆಯಲ್ಲಿ ಗೊರಗೊರ ಎನ್ನುವ ಕಫದ ಕೆಮ್ಮು. ಬೆನ್ನ ಮೇಲೆ ಅಂಗೈ ಇಟ್ಟರೆ ಕಫ ಅಲುಗುವುದು ಕೈಗೇ ತಿಳಿಯುತ್ತದೆ. ಪಫ್ ಕೊಟ್ಟರೂ ಹೋಗುವುದಿಲ್ಲ. ಸಣ್ಣ ಮಕ್ಕಳು ಕಫ ಉಗುಳದೆ ನುಂಗುವುದರಿಂದ 'ಕಫ ಬರುತ್ತದೆಯೇ' ಎಂಬ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬರುತ್ತದೆ. ಆ ಉತ್ತರವನ್ನು ನಂಬಿ ಒಣಕೆಮ್ಮು ಎಂದು ಬರೆದ ಚೀಟಿಗಳು ಎಷ್ಟೋ.

ನವಜಾತ ಘಟಕದಲ್ಲೂ ಹೀಗೊಂದು ಗುರುತಿದೆ. ಟಿಟಿಎನ್ ಹುಟ್ಟಿದ ಒಂದೆರಡು ಗಂಟೆಯಲ್ಲೇ ಶುರುವಾಗಿ ಸಾಮಾನ್ಯವಾಗಿ ಎರಡು-ಮೂರು ದಿನದಲ್ಲಿ ಹೋಗುತ್ತದೆ. ಪಿಸಿಡಿಯ ಉಸಿರಾಟದ ತೊಂದರೆ ಎಷ್ಟೋ ಸಲ ಹನ್ನೆರಡು ಗಂಟೆ ಕಳೆದ ಮೇಲೆ ಶುರುವಾಗಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ಆಮ್ಲಜನಕ ಕೇಳುತ್ತದೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಒಂದು ಹಾಲೆ, ಅದರಲ್ಲೂ ಮೇಲಿನದು, ಗಾಳಿಯಿಲ್ಲದೆ ಮುದುಡಿರಬಹುದು. ದಿನ ತುಂಬಿದ ಮಗುವಿಗೆ ಎರಡು ದಿನಕ್ಕಿಂತ ಹೆಚ್ಚು ಆಮ್ಲಜನಕ ಬೇಕಾಗಿ, ಜೊತೆಗೆ ಹಾಲೆ ಮುದುಡಿದ್ದರೆ ಅಥವಾ ಹೃದಯ ಬಲಕ್ಕಿದ್ದರೆ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಪಿಸಿಡಿ ಎಂಬ ಮೂರಕ್ಷರ ಬರೆಯದೆ ಕಳಿಸಬಾರದು.

ಸ್ವಲ್ಪ ದೊಡ್ಡ ಮಕ್ಕಳಿಗೆ ಪಿಕಾಡಾರ್ ಎಂಬ ಏಳು ಪ್ರಶ್ನೆಗಳ ಅಂಕಪಟ್ಟಿ 2016ರಿಂದ ಇದೆ. ಬಾಲ್ಯದಿಂದಲೇ ದಿನವೂ ಕಫದ ಕೆಮ್ಮು ಇರುವವರಿಗೆ ಮಾತ್ರ ಅದನ್ನು ಬಳಸಬೇಕು. ದಿನ ತುಂಬಿ ಹುಟ್ಟಿದ್ದಕ್ಕೆ 2 ಅಂಕ, ನವಜಾತ ಅವಧಿಯಲ್ಲಿ ಎದೆಯ ತೊಂದರೆಗೆ 2, ನವಜಾತ ಘಟಕದಲ್ಲಿ ದಾಖಲಾಗಿದ್ದಕ್ಕೆ 2, ಎಡ-ಬಲ ವ್ಯತ್ಯಾಸಕ್ಕೆ 4, ಹುಟ್ಟು ಹೃದ್ರೋಗಕ್ಕೆ 2, ಸದಾ ಮೂಗಿನ ತೊಂದರೆಗೆ 1, ಕಿವಿ ಅಥವಾ ಕೇಳಿಸುವಿಕೆಯ ದೀರ್ಘ ತೊಂದರೆಗೆ 1. ಒಟ್ಟು 14ರಲ್ಲಿ 5 ಬಂದರೆ ಮುಂದಿನ ಪರೀಕ್ಷೆ. ಒಂದು ಎಚ್ಚರಿಕೆ ಮಾತ್ರ ಬೇಕು. ಹಾಡಿಯಲ್ಲೋ ತಾಂಡಾದಲ್ಲೋ ಮನೆಯಲ್ಲೇ ಹೆರಿಗೆಯಾದ ಮಗು ನವಜಾತ ಘಟಕವನ್ನು ಕಂಡೇ ಇರುವುದಿಲ್ಲ, ಅದರ 2 ಅಂಕ ಸುಮ್ಮನೆ ತಪ್ಪಿಹೋಗುತ್ತದೆ. ಅಂಥಲ್ಲಿ 'ಮೊದಲ ವಾರ ಹಾಲು ಕುಡಿಯುವಾಗ ಏದುಸಿರು ಬಿಡುತ್ತಿತ್ತೇ, ಪಕ್ಕೆ ಒಳಗೆ ಸೆಳೆಯುತ್ತಿತ್ತೇ' ಎಂದು ಅಜ್ಜಿಯನ್ನು ಕೇಳಿ ತಿಳಿಯಬೇಕು, ಅಂಕ ಕಡಿಮೆಯಾಯಿತೆಂದು ಮಗುವನ್ನು ಬಿಡಬಾರದು.

ಅನುಮಾನ ಗಟ್ಟಿಯಾದ ಮೇಲೆ ಪರೀಕ್ಷೆ. ಯಾವ ಒಂದು ಪರೀಕ್ಷೆಯೂ ಎಲ್ಲರಲ್ಲೂ ರೋಗವನ್ನು ಹಿಡಿಯುವುದಿಲ್ಲ. ಜಿಲ್ಲೆಗೊಂದು ಯಂತ್ರ ಹಂಚುವುದರಿಂದ ಪ್ರಯೋಜನವಿಲ್ಲ ಎನ್ನುವುದಕ್ಕೆ ಇದೇ ಕಾರಣ. ಎಲ್ಲ ಪರೀಕ್ಷೆಗಳೂ ಒಂದೇ ಸೂರಿನಡಿ, ಒಂದೇ ತಂಡದ ಕೈಯಲ್ಲಿ ಇರಬೇಕು.

ಮೊದಲನೆಯದು ಮೂಗಿನ ನೈಟ್ರಿಕ್ ಆಕ್ಸೈಡ್. ಕಾರಣ ಇನ್ನೂ ಪೂರ್ತಿ ಬಿಡಿಸಿಲ್ಲವಾದರೂ, ಪಿಸಿಡಿ ಇರುವವರಲ್ಲಿ ಈ ಅನಿಲ ಬಹಳ ಕಡಿಮೆ. ಐದು ವರ್ಷ ದಾಟಿದ ಮಗುವಿನ ಒಂದು ಹೊಳ್ಳೆಗೆ ಮೆತ್ತನೆಯ ಬಿರಡೆ ಇಟ್ಟು, ಯಂತ್ರ ಗಾಳಿ ಎಳೆಯುವಾಗ ಮಗು ಬಾಯಿಂದ ಊದುತ್ತಿರಬೇಕು. ಜಾತ್ರೆಯಲ್ಲಿ ಸಿಗುವ, ಊದಿದರೆ ಸುರುಳಿ ಬಿಚ್ಚುವ ಕಾಗದದ ಪೀಪಿ ಇದಕ್ಕೆ ಸಾಕು. ಊದುವಾಗ ಕಿರುನಾಲಗೆಯ ಭಾಗ ಮೇಲೆದ್ದು ಮೂಗು ಮತ್ತು ಗಂಟಲನ್ನು ಬೇರೆಮಾಡುತ್ತದೆ, ಎದೆಯ ಗಾಳಿ ಬೆರೆಯುವುದಿಲ್ಲ. ಯಂತ್ರ ತೋರಿಸುವ ಪಿಪಿಬಿ (ನೂರು ಕೋಟಿಯಲ್ಲಿ ಎಷ್ಟು ಪಾಲು ಎಂಬ) ಸಂಖ್ಯೆಯನ್ನು ನಿಮಿಷಕ್ಕೆ ಎಳೆಯುವ ಲೀಟರಿನಿಂದ ಗುಣಿಸಬೇಕು. 100 ಪಿಪಿಬಿ ಬಂದು ಎಳೆತ ನಿಮಿಷಕ್ಕೆ 0.3 ಲೀಟರ್ ಇದ್ದರೆ ನಿಮಿಷಕ್ಕೆ 30 ನ್ಯಾನೋಲೀಟರ್. 77ಕ್ಕಿಂತ ಕಡಿಮೆ ಬಂದರೆ ಪಿಸಿಡಿಯ ಕಡೆ ಬೆರಳು. ಬರೀ ಪಿಪಿಬಿ ಬರೆದು ಎಳೆತದ ವೇಗ ಬರೆಯದ ವರದಿ ವ್ಯರ್ಥ, ಬೇರೆ ಯಂತ್ರದ ಅಂಕಿಯೊಂದಿಗೆ ಹೋಲಿಸಲು ಬರುವುದಿಲ್ಲ. ನೆಗಡಿ ಇದ್ದಾಗ ಅಂಕಿ ತಾನಾಗಿ ಇಳಿಯುತ್ತದೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಬೇಕು. ಲೋಳೆ ಗಟ್ಟಿಯಾಗುವ ಇನ್ನೊಂದು ಆನುವಂಶಿಕ ರೋಗವಾದ ಸಿಸ್ಟಿಕ್ ಫೈಬ್ರೋಸಿಸ್‌ನಲ್ಲೂ ಕಡಿಮೆ ಬರಬಹುದು. ಆದ್ದರಿಂದ ಬೆವರಿನ ಕ್ಲೋರೈಡ್ ಪರೀಕ್ಷೆ ಮಾಡಿರಲೇಬೇಕು, ಲೀಟರಿಗೆ 60 ಮಿಲಿಮೋಲ್ ಅಥವಾ ಮೇಲಿದ್ದರೆ ಅದು ಸಿಸ್ಟಿಕ್ ಫೈಬ್ರೋಸಿಸ್‌ನ ಸೂಚನೆ, ದಾರಿಯೇ ಬೇರೆ. ಕೆಲವು ಜೀನ್‌ಗಳ ದೋಷದಲ್ಲಿ ನೈಟ್ರಿಕ್ ಆಕ್ಸೈಡ್ ಸರಿಯಾಗಿಯೇ ಇರುತ್ತದೆ. ಅಂಕಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಮಗುವನ್ನು ಮನೆಗೆ ಕಳಿಸುವಂತಿಲ್ಲ.

ಎರಡನೆಯದು ಮೂಗಿನ ಬ್ರಷ್. ಅರಿವಳಿಕೆ ಬೇಡ, ಶಸ್ತ್ರಚಿಕಿತ್ಸೆ ಕೊಠಡಿ ಬೇಡ. ಮೂಗು ಸೀಂಟಿಸಿ ಸುಂಬಳ ತೆಗೆದು, ಎರಡು-ಮೂರು ಮಿಲಿಮೀಟರಿನ ಬ್ರಷ್ಷನ್ನು ಮೂಗಿನೊಳಗಿನ ಪಕ್ಕದ ಗೋಡೆಯ ಉಬ್ಬಾದ, ಕೆಳಗಿನ ಟರ್ಬಿನೇಟಿನ ಮೇಲೆ ಎರಡು-ಮೂರು ಸಲ ಹಿಂದೆಮುಂದೆ ಆಡಿಸಿ ತೆಗೆದರಾಯಿತು. ಮಗುವಿನ ಕಣ್ಣಲ್ಲಿ ನೀರು ಬರುತ್ತದೆ, ಕೆಲವೊಮ್ಮೆ ಒಂದೆರಡು ಹನಿ ರಕ್ತ. ಬ್ರಷ್ಷನ್ನು ಪೋಷಕದ್ರವದ ಟ್ಯೂಬಿನಲ್ಲಿ ಅಲುಗಾಡಿಸಿದ ಕೂಡಲೇ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸಿಲಿಯಾ ಇರುವ ಜೀವಕೋಶಗಳ ಅಂಚು ಸಿಕ್ಕಿದೆಯೇ? ಸಿಗದಿದ್ದರೆ ಮಗು ಇನ್ನೂ ಕುರ್ಚಿಯಲ್ಲಿರುವಾಗಲೇ ಇನ್ನೊಂದು ಹೊಳ್ಳೆಯಿಂದ ತೆಗೆಯಬೇಕು. ಬೀದರಿನಿಂದಲೋ ಚಾಮರಾಜನಗರದಿಂದಲೋ ಬಂದವರನ್ನು 'ಸ್ಯಾಂಪಲ್ ಸರಿಯಿರಲಿಲ್ಲ' ಎಂದು ಮತ್ತೆ ಕರೆಸುವ ಪಾಡು ಇದರಿಂದ ತಪ್ಪುತ್ತದೆ. ನೆಗಡಿ, ಸೋಂಕು ಆದ ನಾಲ್ಕರಿಂದ ಆರು ವಾರ ಬ್ರಷ್ ಮಾಡಬಾರದು. ಸೋಂಕೇ ಸಿಲಿಯಾಗಳನ್ನು ಕೆಡಿಸಿರುತ್ತದೆ, ಆರೋಗ್ಯವಂತ ಮಗುವಿಗೂ ಪಿಸಿಡಿ ಎಂದು ಕಾಣುತ್ತದೆ.

ಆ ಮಾದರಿಯ ಒಂದು ಪಾಲನ್ನು 37 ಡಿಗ್ರಿ ಶಾಖದಲ್ಲಿಟ್ಟು ಸೆಕೆಂಡಿಗೆ 500 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಸೆರೆಹಿಡಿದು ನಿಧಾನವಾಗಿ ಓಡಿಸಿ ನೋಡುತ್ತಾರೆ. ಬೀಸುವ ವೇಗವೊಂದನ್ನೇ ಎಣಿಸಿದರೆ ಮೋಸಹೋಗುತ್ತೇವೆ, ಬೀಸುವ ರೀತಿ ನೋಡಬೇಕು. ಹೊರತೋಳು ಇಲ್ಲದವು ಬಹುತೇಕ ನಿಂತೇ ಇರುತ್ತವೆ. ಕೆಲವು ಸೆಟೆದುಕೊಂಡು ತುದಿಯಷ್ಟೇ ಅದುರಿಸುತ್ತವೆ. ನಡುವಿನ ಜೋಡಿಯ ದೋಷದಲ್ಲಿ ಕೆಲವು ಮುಂದೆ ಬೀಸದೆ ಕಡೆಗೋಲಿನಂತೆ ಸುತ್ತುತ್ತವೆ. ನೋಡಿ ಪಳಗಿದ ಕಣ್ಣಿಲ್ಲದೆ ಇದು ತಿಳಿಯುವುದಿಲ್ಲ, ತಿಂಗಳಿಗೆ ಒಂದು ಮಾದರಿ ಬರುವ ಲ್ಯಾಬಿನಲ್ಲಿ ಆ ಕಣ್ಣು ಪಳಗುವುದೂ ಇಲ್ಲ.

ಇನ್ನೊಂದು ಪಾಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ. ಇದನ್ನು ಗ್ಲೂಟರಾಲ್ಡಿಹೈಡ್ ದ್ರಾವಣದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬೇಕು, ಫ್ರೀಜರಿನಲ್ಲಿ ಅಲ್ಲ. ಅಭ್ಯಾಸಬಲದಿಂದ ಎಲ್ಲ ಬಯಾಪ್ಸಿಗಳಂತೆ ಫಾರ್ಮಲಿನ್ನಿಗೆ ಹಾಕಿ ಕಳಿಸಿದರೆ ಡೈನೀನ್ ತೋಳುಗಳ ಸೂಕ್ಷ್ಮ ರಚನೆ ನೆಚ್ಚಿಕೊಳ್ಳುವಂತೆ ಉಳಿಯುವುದಿಲ್ಲ. ಹೊರತೋಳು ಇಲ್ಲದಿರುವುದು, ಹೊರ-ಒಳ ಎರಡೂ ಇಲ್ಲದಿರುವುದು, ಒಳತೋಳು ಇಲ್ಲದೆ ನಳಿಕೆಗಳ ಜೋಡಣೆಯೇ ಕೆಟ್ಟಿರುವುದು, ಇವು ಖಚಿತ ಸಾಕ್ಷ್ಯ. ಒಳತೋಳು ಮಾತ್ರ ಕಾಣುತ್ತಿಲ್ಲ ಎಂಬ ವರದಿಯನ್ನು ನಂಬಬಾರದು, ಅದು ಸರಿಯಾಗಿ ಮೂಡದೇ ಇರುವುದೇ ಹೆಚ್ಚು. ಪಿಸಿಡಿ ಇರುವ ಹತ್ತರಲ್ಲಿ ಎರಡು-ಮೂರು ಮಂದಿಯಲ್ಲಿ ಈ ಚಿತ್ರ ಸಂಪೂರ್ಣ ಸಹಜವಾಗಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಜೀನ್ ಪರೀಕ್ಷೆಗೆ ಇಡಿಟಿಎ ಟ್ಯೂಬಿನಲ್ಲಿ ಎರಡು-ಮೂರು ಮಿಲಿ ರಕ್ತ ಸಾಕು. ತಂದೆ-ತಾಯಿಯ ರಕ್ತವನ್ನೂ ಅಂದೇ ತೆಗೆದಿಡಬೇಕು. ಎರಡು ದೋಷಗಳು ಕಂಡಾಗ ಒಂದೊಂದು ಒಬ್ಬೊಬ್ಬರಿಂದ ಬಂದಿದೆಯೇ, ಎರಡೂ ಒಬ್ಬರಿಂದಲೇ ಬಂದಿವೆಯೇ ಎಂದು ತಿಳಿಯುವುದು ಹಾಗೆಯೇ. ವರದಿಯಲ್ಲಿ 'ವಿಯುಎಸ್' ಎಂದಿದ್ದರೆ ಅದರ ಅರ್ಥ ಸದ್ಯಕ್ಕೆ ತಿಳಿಯದು ಎಂದಷ್ಟೇ, ಅದನ್ನು ರೋಗವೆಂದು ಬರೆಯಬಾರದು. ಏನೂ ಸಿಗದಿದ್ದರೆ ರೋಗವಿಲ್ಲ ಎಂದೂ ಅಲ್ಲ, ಪಿಸಿಡಿ ಇರುವವರಲ್ಲಿ ನಾಲ್ಕರಲ್ಲೊಬ್ಬರಷ್ಟು ಜನರ ಜೀನ್ ಇನ್ನೂ ಪತ್ತೆಯಾಗುವುದಿಲ್ಲ. ಸಿಕ್ಕರೆ ಮಾತ್ರ ಕುಟುಂಬಕ್ಕೆ ಖಚಿತವಾಗಿ ಹೇಳಬಹುದು: ಇಬ್ಬರೂ ವಾಹಕರಾಗಿದ್ದರೆ ಮುಂದಿನ ಪ್ರತಿ ಬಸಿರಿನಲ್ಲೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು.

ಮೂಗಿನಲ್ಲಿ ಸ್ಯಾಕರಿನ್ ಹರಳಿಟ್ಟು ಸಿಹಿ ತಿಳಿಯುವವರೆಗೆ ನಿಮಿಷ ಎಣಿಸುವ ಪರೀಕ್ಷೆಯನ್ನು ಇನ್ನೂ ಕೆಲವೆಡೆ ಮಾಡುತ್ತಾರೆ. ಸೀನದೆ, ಮೂಗೆಳೆಯದೆ ಅರ್ಧ ಗಂಟೆ ಕೂರುವುದು ಮಕ್ಕಳಿಗೆ ಆಗದ ಮಾತು. ಅದರ ಮೇಲೆ ರೋಗವಿದೆ-ಇಲ್ಲ ಎಂದು ತೀರ್ಮಾನಿಸುವುದನ್ನು ದಯವಿಟ್ಟು ನಿಲ್ಲಿಸಬೇಕು.

ರೋಗ ಗುರುತಿಸಿ ಆಗುವುದೇನು, ವಾಸಿ ಮಾಡುವ ಔಷಧಿ ಇಲ್ಲವಲ್ಲ ಎಂದು ಅಧಿಕಾರಿಗಳು ಕೇಳುವುದುಂಟು. ಆಗುವುದು ಬಹಳ. ದಿನಕ್ಕೆ ಎರಡು ಸಲ ಕಫ ಹೊರತರುವ ಫಿಸಿಯೋಥೆರಪಿ, ಅದಕ್ಕೆ ಮೊದಲು ಸಾಂದ್ರ ಉಪ್ಪುನೀರಿನ ನೆಬುಲೈಸೇಶನ್, ಮೂರು ತಿಂಗಳಿಗೊಮ್ಮೆ ಕಫದ ಕಲ್ಚರ್, ಸಿಕ್ಕ ರೋಗಾಣುವಿಗೆ ತಕ್ಕ ಆಂಟಿಬಯಾಟಿಕ್, ನ್ಯುಮೋಕಾಕಲ್ ಮತ್ತು ಫ್ಲೂ ಲಸಿಕೆ, ವರ್ಷಕ್ಕೊಮ್ಮೆ ಕೇಳಿಸುವಿಕೆಯ ಪರೀಕ್ಷೆ. ಪದೇಪದೇ ಸೋಂಕು ಮರುಕಳಿಸುವವರಿಗೆ ಆರು ತಿಂಗಳು ಅಜಿತ್ರೋಮೈಸಿನ್ ಕೊಟ್ಟಾಗ ಸೋಂಕು ಉಲ್ಬಣಿಸುವುದು ಅರ್ಧದಷ್ಟು ತಗ್ಗಿದ್ದನ್ನು ಯುರೋಪಿನ ಹಲವು ಕೇಂದ್ರಗಳ ಪ್ರಯೋಗ 2020ರಲ್ಲಿ ತೋರಿಸಿದೆ. ತಪ್ಪುವುದು ಅದಕ್ಕಿಂತಲೂ ಹೆಚ್ಚು: ಬೇಡದ ಸ್ಟಿರಾಯ್ಡ್ ಪಫ್, ಬೇಡದ ಕ್ಷಯದ ಮಾತ್ರೆ, ಅವಸರದಲ್ಲಿ ಶ್ವಾಸಕೋಶದ ಹಾಲೆಯನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ. ಕಿವಿಯ ತಮಟೆಗೆ ಗ್ರೋಮೆಟ್ ಕೊಳವೆ ಹಾಕಿದ ಪಿಸಿಡಿ ಮಕ್ಕಳಲ್ಲಿ ಎಷ್ಟೋ ಮಂದಿಯ ಕಿವಿ ತಿಂಗಳುಗಟ್ಟಲೆ ಸೋರುತ್ತದೆ. ರೋಗ ಮೊದಲೇ ಗೊತ್ತಿದ್ದರೆ ಶ್ರವಣಯಂತ್ರ ಕೊಟ್ಟು ಕಾಯಬಹುದಿತ್ತು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಕಿವಿಯ ತಮಟೆಯ ಹಿಂದೆ ಅಂಟುದ್ರವ ನಿಂತ ಮಕ್ಕಳು ಬರುತ್ತಲೇ ಇರುತ್ತಾರೆ. ಅಲ್ಲಿಯ ಅರ್ಜಿಯಲ್ಲಿ 'ದಿನವೂ ಕಫದ ಕೆಮ್ಮು ಇದೆಯೇ' ಎಂಬ ಒಂದು ಸಾಲು ಸೇರಿದರೆ ಅದೂ ಒಂದು ಬಾಗಿಲು.

ಮಾನ್ಯರೇ, ಈಗ ನಮ್ಮ ಬೇಡಿಕೆ.

ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗುತ್ತವೆ. ಅವರ ಪಟ್ಟಿಯಲ್ಲಿ ಹುಟ್ಟು ಹೃದ್ರೋಗವಿದೆ, ಕಿವಿ ಸೋರುವುದಿದೆ, ಕಿವುಡುತನವಿದೆ, ಉಬ್ಬಸವೂ ಇದೆ. ನಾಲ್ಕು ವಾರ ಮೀರಿದ ಕಫದ ಕೆಮ್ಮು ಇಲ್ಲ. ಹಾಗಾಗಿ ನಮ್ಮ ಮಕ್ಕಳು ಉಬ್ಬಸದ ಕಲಂನಲ್ಲಿ ಸೇರಿಹೋಗುತ್ತಾರೆ. ರಾಜ್ಯ ಮಟ್ಟದಲ್ಲೇ ಆ ಒಂದು ಸಾಲು ಸೇರಿಸಿ. ಉತ್ತರ ಹೌದೆಂದಾದರೆ ಮಗು ಜಿಲ್ಲಾ ಶೀಘ್ರ ಪತ್ತೆ ಕೇಂದ್ರಕ್ಕೆ ಹೋಗಲಿ. ಅಲ್ಲಿ ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಎರಡು ವಾರ ಸರಿಯಾದ ಆಂಟಿಬಯಾಟಿಕ್ ಆಗಲಿ. ಅದಾದ ಮೇಲೂ ಕೆಮ್ಮು ಮರುಕಳಿಸಿದರೆ ಮೇಲಿನ ಅಂಕಪಟ್ಟಿ ತುಂಬಿ ಬೆಂಗಳೂರಿಗೆ ಕಳಿಸಲಿ.

ಬೆಂಗಳೂರಿನಲ್ಲಿ ಯಾರ ಬಳಿಗೆ? ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ಉತ್ಕೃಷ್ಟತಾ ಕೇಂದ್ರವಾಗಿವೆ. ಇಂಥ ಕೇಂದ್ರಗಳಿಗೆ ಪರೀಕ್ಷಾ ಸೌಲಭ್ಯ ಹೊಂದಿಸಲು ಒಂದು ಸಲಕ್ಕೆ ಗರಿಷ್ಠ 5 ಕೋಟಿ ರೂಪಾಯಿ ಅನುದಾನಕ್ಕೂ ಆ ನೀತಿಯಲ್ಲಿ ಅವಕಾಶವಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಿಮ್ಹಾನ್ಸ್‌ನಲ್ಲಿ ಆಗಲೇ ಇದೆ. ಸೇರಿಸಬೇಕಾದದ್ದು ಮೂಗಿನ ನೈಟ್ರಿಕ್ ಆಕ್ಸೈಡ್ ಯಂತ್ರ, ವೇಗದ ಕ್ಯಾಮೆರಾ ಮತ್ತು ಶಾಖದ ಪೀಠವಿರುವ ಸೂಕ್ಷ್ಮದರ್ಶಕ, ಅದನ್ನು ಓದಲು ತರಬೇತಾದ ಇಬ್ಬರು, ಮತ್ತು ವಾರದಲ್ಲಿ ನಿಗದಿತ ಒಂದು ದಿನದ ಕ್ಲಿನಿಕ್. ಆ ದಿನ ಮಕ್ಕಳ ಶ್ವಾಸಕೋಶ ತಜ್ಞರು, ಕಿವಿ-ಮೂಗು-ಗಂಟಲು ತಜ್ಞರು, ಫಿಸಿಯೋಥೆರಪಿಸ್ಟ್, ಜೆನೆಟಿಕ್ ಕೌನ್ಸೆಲರ್ ಒಂದೇ ಕಡೆ ಸಿಗಬೇಕು. ಕೂಲಿ ಬಿಟ್ಟು, ರಾತ್ರಿ ಬಸ್ಸಿಗೆ ಬಂದವರು ಅದೇ ಸಂಜೆ ಎಲ್ಲ ಮುಗಿಸಿ ಹೊರಡುವಂತಿರಬೇಕು.

ಈ ಮಕ್ಕಳ ಖರ್ಚು ಹಾಸಿಗೆ ಹಿಡಿಸಿ ಮಾಡುವ ಚಿಕಿತ್ಸೆಯದಲ್ಲ, ದಿನನಿತ್ಯದ್ದು. ರೋಗ ಖಚಿತವಾದ ಪ್ರತಿ ಮಗುವಿಗೂ ಮನೆಯಲ್ಲಿ ಬಳಸುವ ಒಂದು ನೆಬುಲೈಸರ್, ಶೇ 3ರ ಉಪ್ಪುನೀರು, ಮೂರು ತಿಂಗಳಿಗೊಮ್ಮೆ ಕಲ್ಚರ್ ಜಿಲ್ಲಾಸ್ಪತ್ರೆಯಲ್ಲೇ ಉಚಿತವಾಗಿ ಸಿಗಲಿ. ಅವರ ಹೆಸರು ಗೋಪ್ಯವಾಗಿರುವ ಒಂದು ರಾಜ್ಯ ನೋಂದಣಿ ಪುಸ್ತಕದಲ್ಲಿರಲಿ, ಎಷ್ಟು ಮಕ್ಕಳಿದ್ದಾರೆಂಬ ಲೆಕ್ಕ ಸರ್ಕಾರಕ್ಕೆ ಸಿಗುವುದು ಆಗಲೇ.

ಕೊನೆಯ ಬೇಡಿಕೆಗೆ ಹಣವೇ ಬೇಡ. ನವಜಾತ ಘಟಕಗಳ ಡಿಸ್ಚಾರ್ಜ್ ಸಮ್ಮರಿಯ ನಮೂನೆ ಮುಂದಿನ ಸಲ ಅಚ್ಚಾಗುವಾಗ, ತಾಯಿ ಕಾರ್ಡಿನಲ್ಲೂ ಸೇರುವಂತೆ, ಈ ಸಾಲುಗಳನ್ನು ಹಾಕಿಸಿ: 'ದಿನ ತುಂಬಿದ ಮಗು, ಆಮ್ಲಜನಕ ಕೊಟ್ಟ ದಿನಗಳು: ___. ಹೃದಯ ಎಡಕ್ಕೆ / ಬಲಕ್ಕೆ. ಹೊಟ್ಟೆಯ ಗಾಳಿಗುಳ್ಳೆ ಎಡಕ್ಕೆ / ಬಲಕ್ಕೆ. ಆರು ತಿಂಗಳಾದರೂ ಕೆಮ್ಮು, ಮೂಗು ಕಟ್ಟುವುದು ನಿಲ್ಲದಿದ್ದರೆ ಈ ಕಾರ್ಡ್ ತೋರಿಸಿ ಪಿಸಿಡಿ ಪರೀಕ್ಷೆ ಕೇಳಿ.' ಮನೆಭೇಟಿಗೆ ಹೋಗುವ ಆಶಾ ಕಾರ್ಯಕರ್ತೆಯರು ಈ ಸಾಲನ್ನು ತಾಯಿಗೆ ಓದಿ ಹೇಳುವಂತಾಗಲಿ. ನಮೂನೆಯ ಕರಡು, ಜಿಲ್ಲಾ ವೈದ್ಯರಿಗೆ ಅರ್ಧ ದಿನದ ತರಬೇತಿಯ ಪಾಠ, ಸಿಲಿಯಾ ಬೀಸುವ ವಿಡಿಯೋ ಎಲ್ಲವನ್ನೂ ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ. ಇಲಾಖೆ ಕರೆದ ದಿನ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಕ್ಕಳ ಶ್ವಾಸಕೋಶ ರೋಗ, ಕಿವಿ-ಮೂಗು-ಗಂಟಲು ಮತ್ತು ಎದೆ ಫಿಸಿಯೋಥೆರಪಿ ವಿಭಾಗಗಳಲ್ಲಿ ಕೆಲಸ ಮಾಡುವವರು